ಸಣ್ಣ ವ್ಯಾಪಾರಕ್ಕೆ ತನ್ನದೇ ಜಾಗ ಬೇಕು

ಸ್ವಸಹಾಯ ಸಂಘದ ಸಾಲ ಕೈಗೆ ಬಂದೊಡನೆ ಅನೇಕರು ಪಕ್ಕದ ಮನೆಯವರು ತೆರೆದ ಅಂಗಡಿಯನ್ನೇ ತಾವೂ ತೆರೆಯುತ್ತಾರೆ. ಒಂದೇ ಕೇರಿಯಲ್ಲಿ ಮೂರು ಕಿರಾಣಿ ಅಂಗಡಿಗಳಾದರೆ ಗಿರಾಕಿಗಳು ಹಂಚಿಹೋಗುತ್ತಾರೆ; ಸಾಲದ ಕಂತು ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಬೇರೆಯವರಲ್ಲಿ ಸಿಗದ ಯಾವ ವಸ್ತು ನಮ್ಮಲ್ಲಿದೆ ಎಂದು ಮೊದಲು ನೋಡಬೇಕು.

ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕೌದಿ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೈಯಲ್ಲೇ ಹೊಲಿಯುವ ಈ ಹೊದಿಕೆ ಮನೆಮಂದಿಯ ಚಳಿಗೆಂದು ಹುಟ್ಟಿದ್ದು. ಕಥೋಲಿಕ ಸಿದ್ದಿಯರ ಕೌದಿಗಳಲ್ಲಿ ಶಿಲುಬೆಯೂ ಕಾಣಸಿಗುತ್ತದೆ. 2011ರಲ್ಲಿ ಇವು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯವೊಂದರಲ್ಲಿ ಪ್ರದರ್ಶನಗೊಂಡವು. ಕಾರ್ಖಾನೆಯ ಕಂಬಳಿಯೊಡನೆ ಅಗ್ಗದ ಬೆಲೆಯಲ್ಲಿ ಪೈಪೋಟಿ ಮಾಡಿದರೆ ಕೌದಿ ಸೋಲುತ್ತದೆ. ಕೈಕಸುಬನ್ನು ಮೆಚ್ಚುವವರನ್ನು ಹುಡುಕಿದರೆ ಅದಕ್ಕೆ ಎದುರಾಳಿಯೇ ಇಲ್ಲ. ಆದರೆ ಹೊಲಿದ ದಿನಗಳ ಕೂಲಿಯನ್ನು ಬೆಲೆಯಲ್ಲಿ ಸೇರಿಸಲು ಮರೆಯಬಾರದು.

ಜೋಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆಗೆಣಸೂ ಇಂಥದ್ದೇ. ಅದಕ್ಕಾಗಿಯೇ ಅಲ್ಲಿ ಮೇಳ ನಡೆಯುತ್ತದೆ. ಇನ್ನು ಕಾಳಿ ನದಿಯ ರ‍್ಯಾಫ್ಟಿಂಗ್‌ಗೆಂದು ದಾಂಡೇಲಿಗೆ ಬರುವ ಪ್ರವಾಸಿಗರು ಇವೆರಡಕ್ಕೂ ಹತ್ತಿರದ ಗಿರಾಕಿಗಳು.

ಧರ್ಮಕೇಂದ್ರದ ಕಾರ್ಯಕರ್ತರು ಸಾಲಕ್ಕೆ ಶಿಫಾರಸು ಮಾಡುವ ಮುನ್ನ ಮೂರು ಪ್ರಶ್ನೆ ಕೇಳಲಿ: ಇದನ್ನು ಊರಲ್ಲಿ ಇನ್ನೆಷ್ಟು ಮಂದಿ ಮಾಡುತ್ತಿದ್ದಾರೆ? ಕೊಳ್ಳುವವರು ಯಾರು? ಖರ್ಚು, ಕೂಲಿ ಕಳೆದು ಉಳಿಯುವುದೆಷ್ಟು? ತರಬೇತಿ ಬೇಕಾದವರನ್ನು ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಕಳುಹಿಸಬಹುದು.

ತಲೆಂತುಗಳ ಸಾಮತಿಯಲ್ಲಿ ಧಣಿ ಪ್ರತಿಯೊಬ್ಬ ಸೇವಕನಿಂದ ಅವನಿಗೆ ಕೊಟ್ಟಿದ್ದರ ಲೆಕ್ಕವನ್ನಷ್ಟೇ ಕೇಳಿದ, ಪಕ್ಕದವನದ್ದಲ್ಲ. ನಮ್ಮ ಕೈಗೆ ದೇವರು ಕೊಟ್ಟದ್ದನ್ನು ಮಣ್ಣಲ್ಲಿ ಹೂಳದಿರೋಣ.