ಮನೆಯಲ್ಲಿ ಹೆಡ್‌ಫೋನ್ ಆಂಪ್ಲಿಫೈಯರು: ಜೋಡಿಸುವ ಕ್ರಮವೂ ದೋಷಪರಿಹಾರವೂ

ಹೆಡ್‌ಫೋನೆಂಬುದು ಈಗ ಮನೆಮನೆಯ ವಸ್ತುವಾಗಿದೆ. ಪಾಠವನ್ನು ಕೇಳುವ ಬಾಲಕಿಯೂ, ಮನೆಗೆಲಸದ ನಡುವೆ ಸಂಗೀತವನ್ನು ಕೇಳುವ ತಾಯಿಯೂ, ಪರರ ನಿದ್ರೆಗೆ ಭಂಗತಾರದೆ ರಾತ್ರಿ ವಾರ್ತೆಗಳನ್ನು ಕೇಳುವ ಅಜ್ಜನೂ ಅದನ್ನು ಧರಿಸುವುದುಂಟು. ಉತ್ತಮ ಜಾತಿಯ ಹೆಡ್‌ಫೋನನ್ನು ಕೊಂಡವರಲ್ಲಿ ಕೆಲವರು ಅದರ ಜತೆಗೆ ಆಂಪ್ಲಿಫೈಯರೆಂಬ ಚಿಕ್ಕ ಪೆಟ್ಟಿಗೆಯನ್ನೂ ತರುತ್ತಾರೆ. ತಂದ ಮೇಲೆ ಅದನ್ನು ಜೋಡಿಸುವುದೂ ಕೆಟ್ಟಾಗ ಪರೀಕ್ಷಿಸುವುದೂ ಗಂಡಸರ ಕೆಲಸವೆಂದು ಬಿಟ್ಟುಬಿಡುವ ವಾಡಿಕೆಯು ಅನೇಕ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಆದರೆ ಈ ಕೆಲಸಕ್ಕೆ ಬೇಕಾದ ಶಾಸ್ತ್ರಜ್ಞಾನವು ನಮ್ಮ ಹಳೆಯ ವಿದ್ಯಾರ್ಥಿನಿಯರು ತರಗತಿಯಲ್ಲಿ ಕಲಿತ ಓಮನ ನಿಯಮಕ್ಕಿಂತ ಬಹಳ ಹೆಚ್ಚಿನದೇನೂ ಅಲ್ಲ. ಆದುದರಿಂದ ಈ ವಿಷಯವನ್ನು ಕ್ರಮವಾಗಿ ವಿವರಿಸಲು ಇಲ್ಲಿ ಯತ್ನಿಸುವೆವು.

ಈ ಸಾಧನದ ಚರಿತ್ರೆಯಲ್ಲಿಯೂ ಮನೆಗೆ ಮತ್ತು ಸ್ತ್ರೀಯರಿಗೆ ಸ್ಥಾನವುಂಟು. ಅಮೇರಿಕದ ಯೂಟಾ ಪ್ರಾಂತ್ಯದ ನಥಾನಿಯೆಲ್ ಬಾಲ್ಡ್‌ವಿನ್ ಎಂಬಾತನು ತನ್ನ ಅಡಿಗೆಮನೆಯಲ್ಲಿ ತಯಾರಿಸಿದ ಹೆಡ್‌ಫೋನುಗಳನ್ನು ಆ ದೇಶದ ನೌಕಾಪಡೆಯವರು ೧೯೧೦ರ ಸುಮಾರಿನಲ್ಲಿ ಕೊಂಡುಕೊಂಡರು. ಇಂದಿಗೂ ದೊಡ್ಡ ಹೆಡ್‌ಫೋನುಗಳಿಗಿರುವ ೬.೩೫ ಮಿಲಿಮೀಟರಿನ ಪ್ಲಗ್ಗು ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಕೇಂದ್ರಗಳಿಂದ ಬಂದುದು. ಬಾಸ್ಟನ್ ನಗರದಲ್ಲಿ ೧೮೭೮ರಲ್ಲಿ ಎಮ್ಮಾ ನಟ್ ಎಂಬಾಕೆಯು ಟೆಲಿಫೋನ್ ಕೆಲಸಕ್ಕೆ ಸೇರಿದಂದಿನಿಂದ, ಆ ಪ್ಲಗ್ಗುಗಳನ್ನು ಹಿಡಿದು ಊರಿಗೆ ಊರನ್ನು ಮಾತನಾಡಿಸಿದವರು ಬಹುಮಟ್ಟಿಗೆ ಸ್ತ್ರೀಯರೇ ಆಗಿದ್ದರು. ಹೀಗಿರುವಲ್ಲಿ ಈ ತಂತಿಗಳನ್ನು ಕಂಡು ನಾವು ಹಿಂಜರಿಯಲು ಕಾರಣವಿಲ್ಲ.

ಯಂತ್ರದ ಕೆಲಸವೇನು?

ಮೊಬೈಲಿನಿಂದಾಗಲಿ ಕಂಪ್ಯೂಟರಿನಿಂದಾಗಲಿ ಹೊರಡುವ ಶಬ್ದಸಂಜ್ಞೆಯು ಬಹಳ ಕ್ಷೀಣವಾದ ವಿದ್ಯುತ್ತು. ಅದರ ವೋಲ್ಟನ್ನೂ ಪ್ರವಾಹವನ್ನೂ ಹೆಡ್‌ಫೋನಿಗೆ ಸಾಕಾಗುವಷ್ಟು ಹೆಚ್ಚಿಸುವುದೇ ಆಂಪ್ಲಿಫೈಯರಿನ ಕೆಲಸ. ಎಲ್ಲ ಹೆಡ್‌ಫೋನುಗಳಿಗೂ ಇದು ಬೇಕೆಂದು ತಿಳಿಯಬಾರದು. ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ವಿದ್ಯುತ್ತಿಗೆ ಅದು ಒಡ್ಡುವ ತಡೆ. ಇದನ್ನು ಓಮುಗಳಲ್ಲಿ ಹೇಳುತ್ತಾರೆ. ಎರಡನೆಯದು ಒಂದು ಮಿಲಿವ್ಯಾಟ್ ಶಕ್ತಿಗೆ ಅದು ಕೊಡುವ ಶಬ್ದ. ಇದನ್ನು ಡೆಸಿಬೆಲ್ಲುಗಳಲ್ಲಿ ಹೇಳುತ್ತಾರೆ.

ಒಂದು ಉದಾಹರಣೆಯನ್ನು ನೋಡುವ. ೩೦೦ ಓಮಿನ ಒಂದು ಹೆಡ್‌ಫೋನು ಒಂದು ಮಿಲಿವ್ಯಾಟಿಗೆ ೯೭ ಡೆಸಿಬೆಲ್ ಕೊಡುವುದೆಂದು ಇಟ್ಟುಕೊಳ್ಳಿರಿ. ದೊಡ್ಡ ವಾದ್ಯಮೇಳದಲ್ಲಿ ಒಂದು ಕ್ಷಣ ಮೇಲೇಳುವ ಭೇರಿಯ ಧ್ವನಿಯು ೧೧೦ ಡೆಸಿಬೆಲ್ಲಿಗೆ ಮುಟ್ಟಬೇಕಾದರೆ ಇನ್ನೂ ೧೩ ಡೆಸಿಬೆಲ್ ಬೇಕು. ಹತ್ತು ಡೆಸಿಬೆಲ್ ಏರಲು ಶಕ್ತಿಯು ಹತ್ತು ಪಟ್ಟಾಗಬೇಕು. ಮತ್ತೆ ಮೂರು ಏರಲು ಇಮ್ಮಡಿಯಾಗಬೇಕು. ಒಟ್ಟು ಇಪ್ಪತ್ತು ಮಿಲಿವ್ಯಾಟ್ ಆಯಿತು. ಓಮನ ನಿಯಮದಂತೆ ಲೆಕ್ಕಮಾಡಿದರೆ ೩೦೦ ಓಮಿಗೆ ಇದು ಸುಮಾರು ಎರಡೂವರೆ ವೋಲ್ಟು. ಮೊಬೈಲುಗಳು ಸಾಮಾನ್ಯವಾಗಿ ಕೊಡುವುದು ಒಂದು ವೋಲ್ಟು ಅಥವಾ ಅದಕ್ಕೂ ಕಡಿಮೆ. ಆದುದರಿಂದ ಇಲ್ಲಿ ಆಂಪ್ಲಿಫೈಯರಿನ ಸಹಾಯ ಬೇಕು. ಅಷ್ಟೇ ಶಕ್ತಿಯು ೩೨ ಓಮಿನ ಹೆಡ್‌ಫೋನಿಗೆ ಬೇಕಾದರೆ ೦.೮ ವೋಲ್ಟು ಸಾಕು. ಅಂಥದನ್ನುಳ್ಳವರು ಹಣವನ್ನು ಉಳಿಸಿಕೊಳ್ಳಬಹುದು.

ಇನ್ನೊಂದು ಅಂಶವುಂಟು. ಆಂಪ್ಲಿಫೈಯರಿನ ಒಳತಡೆಯು ಹೆಡ್‌ಫೋನಿನ ತಡೆಯ ಎಂಟರಲ್ಲೊಂದು ಭಾಗಕ್ಕಿಂತ ಕಡಿಮೆಯಿರುವುದು ಮೇಲು. ಹೆಡ್‌ಫೋನಿನ ತಡೆಯು ಎಲ್ಲ ಸ್ವರಗಳಿಗೂ ಒಂದೇ ಸಮನಾಗಿರುವುದಿಲ್ಲವಾದ ಕಾರಣ, ಒಳತಡೆ ಹೆಚ್ಚಿದ್ದರೆ ಕೆಲವು ಸ್ವರಗಳು ಉಬ್ಬಿ ಕೆಲವು ತಗ್ಗಿ, ನಾದದ ಸ್ವರೂಪವೇ ಬದಲಾಗುವುದು.

ಜೋಡಿಸುವ ಕ್ರಮ

ಮೊದಲು ಗೋಡೆಯ ವಿದ್ಯುತ್ತಿನ ವಿಚಾರ. ನಮ್ಮ ಮನೆಗಳಲ್ಲಿ ಹರಿಯುವುದು ೨೩೦ ವೋಲ್ಟಿನ ವಿದ್ಯುತ್ತು. ಪ್ರಾಣವನ್ನು ತೆಗೆಯಲು ಇದು ಧಾರಾಳವಾಗಿ ಸಾಕು. ಮೂರು ಕಡ್ಡಿಗಳ ಪ್ಲಗ್ಗಿನಲ್ಲಿ ಉಳಿದೆರಡಕ್ಕಿಂತ ಉದ್ದವೂ ದಪ್ಪವೂ ಆದ ಕಡ್ಡಿಯು ಭೂಸಂಪರ್ಕದ್ದು, ಅಂದರೆ ಅರ್ತಿನದು. ಒಳಗೆ ಹೋಗುವಾಗ ಎಲ್ಲಕ್ಕಿಂತ ಮೊದಲು ಅದು ತಾಗಬೇಕು, ಹೊರಗೆ ಬರುವಾಗ ಎಲ್ಲಕ್ಕಿಂತ ಕಡೆಗೆ ಬಿಡಬೇಕೆಂಬ ಉದ್ದೇಶದಿಂದಲೇ ಅದನ್ನು ಉದ್ದವಾಗಿ ಮಾಡಿರುತ್ತಾರೆ. ಪೆಟ್ಟಿಗೆಯೊಳಗೆ ತಂತಿಯೊಂದು ಸಡಿಲವಾಗಿ ಲೋಹದ ಮೈಗೆ ತಾಗಿದರೆ, ಆ ವಿದ್ಯುತ್ತು ನಮ್ಮ ದೇಹದ ಮೂಲಕ ಹೋಗದೆ ಈ ಕಡ್ಡಿಯ ಮೂಲಕ ನೆಲಕ್ಕಿಳಿದು ಫ್ಯೂಸನ್ನು ಹಾರಿಸುತ್ತದೆ. ಹೆಡ್‌ಫೋನು ತಲೆಗೆ ಅಂಟಿಕೊಂಡಿರುವ ವಸ್ತುವೆಂಬುದನ್ನು ನೆನೆದರೆ ಈ ಕಡ್ಡಿಯ ಬೆಲೆ ತಿಳಿಯುವುದು. ಭೂಸಂಪರ್ಕವಿಲ್ಲದ ಹಳೆಯ ಮನೆಯಾದರೆ ಮೊದಲು ವಯರ್‌ಮನ್ನನನ್ನು ಕರೆಸಿ ಅದನ್ನು ಮಾಡಿಸತಕ್ಕದ್ದು.

ಚಿಕ್ಕ ಆಂಪ್ಲಿಫೈಯರುಗಳು ಅನೇಕವೇಳೆ ಅಡಾಪ್ಟರಿನಿಂದ ನಡೆಯುತ್ತವೆ. ಪ್ಲಗ್ಗು ಹೊಂದುವುದೆಂಬ ಒಂದೇ ಕಾರಣಕ್ಕೆ ಮನೆಯಲ್ಲಿರುವ ಬೇರೊಂದು ಅಡಾಪ್ಟರನ್ನು ಚುಚ್ಚಬಾರದು. ವೋಲ್ಟು ಸಮನಾಗಿರಬೇಕು, ಏಕಮುಖ ವಿದ್ಯುತ್ತೋ ಪರ್ಯಾಯ ವಿದ್ಯುತ್ತೋ ಎಂಬುದು ಒಪ್ಪಬೇಕು, ನಡುವಿನ ತುದಿ ಧನವೋ ಋಣವೋ ನೋಡಬೇಕು, ಆಂಪಿಯರು ಬೇಕಾದಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಪೆಟ್ಟಿಗೆಯನ್ನು ಒಣಗಿದ, ಗಾಳಿಯಾಡುವ ಸ್ಥಳದಲ್ಲಿಟ್ಟು, ಮೇಲೆ ಬಟ್ಟೆಯನ್ನು ಹೊದಿಸದೆ, ಬಳಿಯಲ್ಲಿ ಹೂದಾನಿಯನ್ನೂ ಕಾಫಿಯ ಲೋಟವನ್ನೂ ಇಡದೆ ಇರುವುದು ಒಳ್ಳೆಯದು. ಗುಡುಗು ಸಿಡಿಲುಗಳ ಸಂಜೆ ಸಮೀಪಿಸುವ ಮೊದಲೇ ಪ್ಲಗ್ಗನ್ನು ಕಿತ್ತಿಡತಕ್ಕದ್ದು. ಸ್ವಿಚ್ಚನ್ನು ಆರಿಸಿದರೆ ಮಾತ್ರ ಸಾಲದು.

ಅನಂತರ ಜೋಡಣೆಯ ಅನುಕ್ರಮ. ಎಲ್ಲವೂ ಆರಿರುವಾಗ ಕಂಪ್ಯೂಟರಿನ ಅಥವಾ ಪ್ಲೇಯರಿನ ಲೈನ್-ಔಟನ್ನು ಆಂಪ್ಲಿಫೈಯರಿನ ಒಳದ್ವಾರಕ್ಕೆ ತಂತಿಯಿಂದ ಸೇರಿಸಬೇಕು. ದೊಡ್ಡ ಸ್ಪೀಕರುಗಳಿಗೆ ಹೋಗುವ ತಂತಿಗಳನ್ನು ಎಂದಿಗೂ ಇದಕ್ಕೆ ಸೇರಿಸಕೂಡದು. ಗೇನ್ ಎಂಬ ಗುಂಡಿಯಿದ್ದರೆ ಕೆಳಗಿನ ಸ್ಥಾನದಲ್ಲಿಡಬೇಕು. ಧ್ವನಿಯ ತಿರುಪನ್ನು ಸೊನ್ನೆಗೆ ಇಳಿಸಬೇಕು. ಬಳಿಕ ಆಂಪ್ಲಿಫೈಯರನ್ನು ಹೊತ್ತಿಸಿ, ಕೆಲವು ಕ್ಷಣ ತಡೆದು, ಹೆಡ್‌ಫೋನಿನ ಪ್ಲಗ್ಗನ್ನು ಪೂರ್ತಿಯಾಗಿ ಒಳಕ್ಕೆ ಒತ್ತಬೇಕು. ಹೊತ್ತಿಸುವಾಗ ಕೆಲವು ಯಂತ್ರಗಳು ದಢಕ್ಕೆಂದು ಹೊರಡಿಸುವ ವಿದ್ಯುತ್ತು ಹೆಡ್‌ಫೋನಿಗೆ ತಾಗದಿರಲಿ ಎಂಬುದೇ ಈ ತಡೆಯ ಕಾರಣ. ಆಮೇಲೆಯೇ ಅದನ್ನು ತಲೆಗೆ ಧರಿಸಿ ತಿರುಪನ್ನು ಮೆಲ್ಲಮೆಲ್ಲನೆ ಏರಿಸಬೇಕು. ಆರಿಸುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ನಡೆಸಬೇಕು.

ಬ್ಯಾಲೆನ್ಸ್ಡ್ ಎಂಬ ಹೆಸರಿನ ನಾಲ್ಕು ಸಂಪರ್ಕಗಳ ಹೊರದ್ವಾರವಿರುವ ಯಂತ್ರಗಳೂ ಉಂಟು. ಆ ದ್ವಾರಕ್ಕೆ ಸಾಧಾರಣ ಮೂರು ಸಂಪರ್ಕಗಳ ಪ್ಲಗ್ಗನ್ನು ಅಡಾಪ್ಟರಿನ ಮೂಲಕ ಸಿಕ್ಕಿಸಿದರೆ ಎಡಬಲಗಳ ಋಣತಂತಿಗಳು ಒಂದಕ್ಕೊಂದು ತಾಗಿ ಯಂತ್ರವು ಸುಟ್ಟುಹೋಗಬಹುದು.

ಕಿವಿಯ ರಕ್ಷಣೆ

ತಂದೆತಾಯಿಗಳು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಬಿನ್ನಹ. ಬೆಂಕಿಯಂತೆ ಮುಟ್ಟಿದ ಕೂಡಲೆ ಎಚ್ಚರಿಸುವ ಗುಣ ಶಬ್ದಕ್ಕಿಲ್ಲ. ಒಳಗಿವಿಯಲ್ಲಿ ನಾದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದೊಡನೆ ಸೇರಿ ಹಾಕಿರುವ ಮಿತಿಯೇನೆಂದರೆ, ದೊಡ್ಡವರು ೮೦ ಡೆಸಿಬೆಲ್ಲಿನ ಶಬ್ದವನ್ನು ವಾರಕ್ಕೆ ೪೦ ಗಂಟೆ ಕೇಳಬಹುದು. ಮಕ್ಕಳಿಗೆ ಅದೇ ೪೦ ಗಂಟೆಗೆ ೭೫ ಡೆಸಿಬೆಲ್ ಮಾತ್ರ. ಪ್ರತಿ ಮೂರು ಡೆಸಿಬೆಲ್ ಏರಿದಂತೆ ಕಾಲವು ಅರ್ಧಕ್ಕಿಳಿಯುವುದು. ಎಂದರೆ ದೊಡ್ಡವರಿಗೆ ೮೩ಕ್ಕೆ ೨೦ ಗಂಟೆ, ೮೬ಕ್ಕೆ ೧೦ ಗಂಟೆ, ೮೯ಕ್ಕೆ ೫ ಗಂಟೆ. ಮೇಲೆ ಹೇಳಿದ ಹೆಡ್‌ಫೋನಿಗೆ ೮೦ ಡೆಸಿಬೆಲ್ ಕೊಡಲು ಒಂದು ಮಿಲಿವ್ಯಾಟಿನ ಐವತ್ತರಲ್ಲೊಂದು ಭಾಗ ಸಾಕು; ಆಂಪ್ಲಿಫೈಯರಿಗಾದರೋ ನೂರಾರು ಮಿಲಿವ್ಯಾಟುಗಳ ಸಾಮರ್ಥ್ಯವಿರಬಹುದು. ಆದುದರಿಂದ ಧ್ವನಿಯ ಮಟ್ಟವನ್ನು ನಿಶ್ಶಬ್ದವಾದ ಕೋಣೆಯಲ್ಲಿ ಗೊತ್ತುಮಾಡಿ, ಬೀದಿಯ ಗದ್ದಲವನ್ನು ಮೀರಿಸಲು ಅದನ್ನು ಏರಿಸದಿರುವುದು ವಿವೇಕ. ಕೇಳಿ ಮುಗಿದ ಮೇಲೆ ಕಿವಿಯಲ್ಲಿ ಗುಂಯ್‌ಗುಟ್ಟುವಿಕೆಯಾಗಲಿ ಮಂಕಾಗಲಿ ಉಳಿದರೆ ಮಿತಿಮೀರಿತೆಂದು ತಿಳಿಯಬೇಕು. ಕಿವಿ ಮಂದವಾದ ಹಿರಿಯರಿಗೆ ಈ ಯಂತ್ರವು ಚಿಕಿತ್ಸೆಯಲ್ಲ; ಧ್ವನಿಯನ್ನು ಏರಿಸುತ್ತಾ ಹೋಗುವ ಬದಲು ಅವರನ್ನು ಕಿವಿಯ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.

ದೋಷಗಳೂ ಪರಿಹಾರಗಳೂ

ದೋಷವನ್ನು ಹುಡುಕುವಲ್ಲಿ ಒಂದೇ ಸೂತ್ರ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಕಾರಣವು ತಿಳಿಯುವುದಿಲ್ಲ.

ಶಬ್ದವೇ ಬಾರದಿದ್ದರೆ ಕ್ರಮವಾಗಿ ಗೋಡೆಯ ಸ್ವಿಚ್ಚು, ಅಡಾಪ್ಟರು, ಯಂತ್ರದ ದೀಪ, ಒಳದ್ವಾರವನ್ನು ಆರಿಸುವ ಗುಂಡಿ, ಕಂಪ್ಯೂಟರಿನಲ್ಲಿ ಆರಿಸಿದ ಮಾರ್ಗ ಇವನ್ನು ನೋಡುತ್ತ ಬರಬೇಕು. ಫ್ಯೂಸು ಹಾರಿದ್ದರೆ ಪ್ಲಗ್ಗನ್ನು ಕಿತ್ತು ಅದೇ ಅಂಕಿಯ ಫ್ಯೂಸನ್ನೇ ಹಾಕಬೇಕು. ಅದೂ ಹಾರಿದರೆ ಒಳಗೆ ದೋಷವಿದೆಯೆಂದರ್ಥ. ಇನ್ನೂ ದಪ್ಪವಾದುದನ್ನು ಹಾಕುವುದು ಬೆಂಕಿಯನ್ನು ಮನೆಗೆ ಕರೆದಂತೆ.

ಒಂದೇ ಕಿವಿಗೆ ಕೇಳಿಸುವುದಾದರೆ, ಯಂತ್ರಕ್ಕೆ ಬರುವ ಎಡಬಲದ ತಂತಿಗಳನ್ನು ಯಂತ್ರದ ಕಡೆಯ ತುದಿಯಲ್ಲಿ ಅದಲುಬದಲು ಮಾಡಿರಿ. ಮೌನವು ಮತ್ತೊಂದು ಕಿವಿಗೆ ಹೋದರೆ ದೋಷವು ತಂತಿಯಲ್ಲಿ ಅಥವಾ ಅದರ ಹಿಂದಿದೆ. ಅಲ್ಲಿಯೇ ನಿಂತರೆ ಆಂಪ್ಲಿಫೈಯರಿನಲ್ಲಿ ಅಥವಾ ಹೆಡ್‌ಫೋನಿನಲ್ಲಿದೆ. ಆಗ ಹೆಡ್‌ಫೋನನ್ನು ಬೇರೊಂದು ಯಂತ್ರಕ್ಕೆ ಸಿಕ್ಕಿಸಿ ನೋಡಿದರೆ ಸಂಶಯವು ತೀರುವುದು.

ಕೆಲವು ವೇಳೆ ವಾದ್ಯಗಳು ದೂರದಿಂದೆಂಬಂತೆ ಕೇಳಿಸಿ, ಗಾಯಕಿಯ ಕಂಠವು ಮಾತ್ರ ಮಾಯವಾಗಿರುತ್ತದೆ. ಇದನ್ನು ಕಂಡು ಅನೇಕರು ಬೆರಗಾಗುತ್ತಾರೆ. ಕಾರಣವು ಸರಳವಾದುದು. ಪ್ಲಗ್ಗಿನ ತುದಿಯು ಎಡಗಿವಿಗೆ, ನಡುವಿನ ಉಂಗುರವು ಬಲಗಿವಿಗೆ, ಬುಡದ ಭಾಗವು ಎರಡಕ್ಕೂ ಸಮಾನವಾದ ಹಿಂದಿರುಗುವ ಹಾದಿ. ಬುಡದ ಸಂಪರ್ಕವು ತಪ್ಪಿದರೆ ಎಡಬಲಗಳಿಗಿರುವ ವ್ಯತ್ಯಾಸವು ಮಾತ್ರ ಕೇಳಿಸುವುದು. ಗಾಯಕಿಯ ಧ್ವನಿಯು ಎರಡರಲ್ಲಿಯೂ ಸಮನಾಗಿರುವುದರಿಂದ ಕಳೆದುಹೋಗುತ್ತದೆ. ಪ್ಲಗ್ಗನ್ನು ಪೂರ್ತಿಯಾಗಿ ಒತ್ತಿದರೆ ಬಹಳ ಮಟ್ಟಿಗೆ ಆಕೆ ಹಿಂದಿರುಗುವಳು; ಇಲ್ಲವಾದರೆ ತಂತಿಯು ತುಂಡಾಗಿದೆ.

ಗುಂಯ್ ಎಂಬ ಕೆಳಸ್ವರವು ಎಡೆಬಿಡದೆ ಬರುತ್ತಿದ್ದರೆ ಮೂಲದ ತಂತಿಯನ್ನು ಕಿತ್ತು ನೋಡಬೇಕು. ಆಗ ನಿಂತರೆ, ಕಂಪ್ಯೂಟರು ಮತ್ತು ಆಂಪ್ಲಿಫೈಯರು ಬೇರೆಬೇರೆ ದಾರಿಯಲ್ಲಿ ಭೂಮಿಯನ್ನು ಸೇರಿ ಒಂದು ಕುಣಿಕೆಯಾಗಿದೆಯೆಂದು ಊಹಿಸಬಹುದು. ನಮ್ಮ ವಿದ್ಯುತ್ತು ಕ್ಷಣಕ್ಕೆ ೫೦ ಸಲ ತೂಗುವುದಾದುದರಿಂದ ಆ ಕುಣಿಕೆಯಲ್ಲಿ ಅದೇ ಸ್ವರವು ಹುಟ್ಟುವುದು. ಎರಡನ್ನೂ ಒಂದೇ ಪ್ಲಗ್ ಹಲಗೆಗೆ ಸಿಕ್ಕಿಸಬೇಕು. ಲ್ಯಾಪ್‌ಟಾಪನ್ನು ಚಾರ್ಜರಿಲ್ಲದೆ ಬ್ಯಾಟರಿಯಿಂದ ನಡೆಸಿ ನೋಡಬೇಕು. ಸಾಲದಿದ್ದರೆ ಇದಕ್ಕೆಂದೇ ಮಾರುವ ಐಸೊಲೇಶನ್ ಟ್ರಾನ್ಸ್‌ಫಾರ್ಮರನ್ನು ನಡುವೆ ಹಾಕಬೇಕು. ಅರ್ತಿನ ಕಡ್ಡಿಯನ್ನು ಕತ್ತರಿಸಿದರೆ ಸದ್ದು ನಿಲ್ಲುವುದೆಂದು ಹೇಳುವವರಿದ್ದಾರೆ. ಸದ್ದು ನಿಲ್ಲುವುದು ನಿಜವಿರಬಹುದು. ಆದರೆ ಅದರೊಡನೆ ಕಿವಿಗೂ ಪ್ರಾಣಕ್ಕೂ ಇದ್ದ ಕಾವಲೂ ಹೋಗುವುದು. ಈ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬಾರದು.

ತಿರುಪನ್ನು ತಿರುಗಿಸುವಾಗ ಮಾತ್ರ ಗರಗರ ಶಬ್ದವು ಬಂದರೆ ಅದರೊಳಗೆ ಧೂಳು ಸೇರಿದೆ ಅಥವಾ ಸವೆದಿದೆ. ಆರಿಸಿದ ಸ್ಥಿತಿಯಲ್ಲಿ ಹತ್ತಾರು ಬಾರಿ ತುದಿಯಿಂದ ತುದಿಗೆ ತಿರುಗಿಸಿದರೆ ಕೆಲವೊಮ್ಮೆ ಸರಿಹೋಗುವುದು. ಸುಸ್ಸೆಂಬ ಸದ್ದು ಬಂದರೆ ಗೇನನ್ನು ಇಳಿಸಬೇಕು.

ಸುಟ್ಟ ವಾಸನೆ, ಹೊಗೆ, ಲೋಹವನ್ನು ಮುಟ್ಟಿದಾಗ ಜುಮ್ಮೆನ್ನುವಿಕೆ, ಇವುಗಳಲ್ಲಿ ಒಂದಾದರೂ ಕಂಡರೆ ಗೋಡೆಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ರಿಪೇರಿಯವರಿಗೆ ಒಪ್ಪಿಸತಕ್ಕದ್ದು. ಪೆಟ್ಟಿಗೆಯ ಮುಚ್ಚಳವನ್ನು ಬಿಚ್ಚಬಾರದು. ಒಳಗಿನ ಕೆಪಾಸಿಟರುಗಳು ಪ್ಲಗ್ಗನ್ನು ಕಿತ್ತ ಮೇಲೆಯೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಗಾಜಿನ ವಾಲ್ವುಗಳಿರುವ ಯಂತ್ರಗಳಲ್ಲಿ ಅದು ನೂರಾರು ವೋಲ್ಟಾಗಿರಬಹುದು.

ಇಷ್ಟನ್ನು ತಿಳಿದ ಗೃಹಿಣಿಯು ಪರರನ್ನು ಕಾಯದೆ ತನ್ನ ಯಂತ್ರವನ್ನು ತಾನೇ ನಡೆಸಬಲ್ಲಳು. ಎಲ್ಲಿ ಕೈಹಾಕಬೇಕು, ಎಲ್ಲಿ ಕೈತೆಗೆಯಬೇಕು ಎಂಬುದನ್ನೂ ಬಲ್ಲಳು. ಮನೆಯ ಹುಡುಗಿಯರಿಗೂ ಇದನ್ನು ಕೈಯಾರ ಮಾಡಿಸಿ ತೋರಿಸಬೇಕೆಂದು ನಾವು ಕೋರುವೆವು. ಕೆಟ್ಟ ಆಂಪ್ಲಿಫೈಯರಿಗೆ ಬದಲಾಗಿ ಇನ್ನೊಂದನ್ನು ಅಂಗಡಿಯಲ್ಲಿ ಕೊಳ್ಳಬಹುದು. ಕಿವಿಯನ್ನು ಕೊಳ್ಳಲು ಯಾವ ಅಂಗಡಿಯೂ ಇಲ್ಲ.