ಲಮಾರ್ ಕಣಿವೆ: ತೋಳ, ಕರಡಿ, ಬೈಸನ್‌ಗಳ ವಸಂತ

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರ ಚಿಲುಮೆ. ಜುಲೈ ಬಂತೆಂದರೆ ಅದರ ಸುತ್ತ ಜಾತ್ರೆಯೇ ನೆರೆಯುತ್ತದೆ. 2021ರಲ್ಲಂತೂ ಉದ್ಯಾನಕ್ಕೆ 48 ಲಕ್ಷಕ್ಕೂ ಮಿಕ್ಕಿ ಭೇಟಿಗಳು ದಾಖಲಾದವು. ಕಾಡುಪ್ರಾಣಿಗಳನ್ನು ಕಣ್ತುಂಬ ನೋಡುವ ಆಸೆಯುಳ್ಳವರು ಹೋಗಬೇಕಾದ ಜಾಗ ಬೇರೆ, ಕಾಲವೂ ಬೇರೆ. ಜಾಗ, ಉದ್ಯಾನದ ಈಶಾನ್ಯ ಮೂಲೆಯಲ್ಲಿರುವ ಲಮಾರ್ ಕಣಿವೆ. ಕಾಲ, ಏಪ್ರಿಲ್ ನಡುಭಾಗದಿಂದ ಜೂನ್ ಮೊದಲ ವಾರದವರೆಗಿನ ವಸಂತ.

ಈ ಕಣಿವೆ ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ನಡುವೆ ಲಮಾರ್ ನದಿ, ಎರಡೂ ಬದಿಗೆ ಬಯಲು, ಬಯಲಿನ ತುಂಬ ಬೂದು ಬಣ್ಣದ ಸೇಜ್ ಪೊದೆ, ಅದರಾಚೆ ಹಿಮ ಹೊದ್ದ ಅಬ್ಸಾರೋಕ ಬೆಟ್ಟಸಾಲು. ದಟ್ಟ ಮರಗಳ ಮರೆಯಿಲ್ಲದ್ದರಿಂದ ನೋಟ ಕಿಲೋಮೀಟರ್‌ಗಟ್ಟಲೆ ಹರಿಯುತ್ತದೆ. ಉದ್ಯಾನದ ಉಳಿದ ಭಾಗಕ್ಕಿಂತ ಇದು ತಗ್ಗಿನ ಪ್ರದೇಶವಾದ್ದರಿಂದ ಹಿಮ ಮೊದಲು ಕರಗುವುದೂ ಹುಲ್ಲು ಮೊದಲು ಚಿಗುರುವುದೂ ಇಲ್ಲೇ. ಚಳಿಗಾಲವಿಡೀ ಅರೆಹೊಟ್ಟೆಯಲ್ಲಿದ್ದ ಬೈಸನ್, ದೊಡ್ಡ ಜಿಂಕೆಯಾದ ಎಲ್ಕ್, ಹುಲ್ಲೆಯಂಥ ಪ್ರಾಂಗ್‌ಹಾರ್ನ್‌ಗಳೆಲ್ಲ ಆ ಎಳೆಹುಲ್ಲಿಗಾಗಿ ಸೇರುತ್ತವೆ. ಅವನ್ನು ಹುಡುಕಿಕೊಂಡು ತೋಳ, ಕರಡಿಗಳೂ ಬರುತ್ತವೆ.

ಇಪ್ಪತ್ತೈದರಿಂದ ಸಾವಿರಾರು

ವಸಂತದ ಲಮಾರ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು ಬೈಸನ್. ನಮ್ಮ ಪಶ್ಚಿಮಘಟ್ಟದ ಕಾಟಿಗೆ ದೂರದ ಬಂಧು. ಬೆಳೆದ ಗಂಡು 900 ಕಿಲೋ ತೂಗುತ್ತದೆ. ಹತ್ತೊಂಬತ್ತನೇ ಶತಮಾನದ ಬೇಟೆಯಲ್ಲಿ ಈ ಪ್ರಾಣಿ ಅಳಿದುಹೋಗುವುದರಲ್ಲಿತ್ತು. 1902ರ ಹೊತ್ತಿಗೆ ಯೆಲ್ಲೋಸ್ಟೋನ್‌ನಲ್ಲಿ ಉಳಿದಿದ್ದದ್ದು ಸುಮಾರು ಇಪ್ಪತ್ತೈದು ಮಾತ್ರ. ಆ ವರ್ಷ ಖಾಸಗಿ ಹಿಂಡುಗಳಿಂದ 21 ಬೈಸನ್‌ಗಳನ್ನು ಕೊಂಡು ತಂದರು. 1907ರಲ್ಲಿ ಲಮಾರ್ ಕಣಿವೆಯಲ್ಲೇ ಬಫಲೊ ರಾಂಚ್ ಕಟ್ಟಿ, ಹುಲ್ಲು ಬೆಳೆಸಿ, ಕೊಟ್ಟಿಗೆಯ ದನದಂತೆ ಸಾಕಿ ಸಂತತಿ ಹೆಚ್ಚಿಸಿದರು. ಈಗ ಉದ್ಯಾನದಲ್ಲಿ ಅವು ಸಾವಿರಗಟ್ಟಲೆ ಇವೆ. ಅಂದಿನ ರಾಂಚ್‌ನ ಮರದ ಕಟ್ಟಡಗಳು ರಸ್ತೆಯ ಪಕ್ಕದಲ್ಲಿ ಇಂದಿಗೂ ಇವೆ. 2016ರಲ್ಲಿ ಬೈಸನ್ ಅಮೆರಿಕದ ರಾಷ್ಟ್ರೀಯ ಸಸ್ತನಿ ಎಂಬ ಗೌರವಕ್ಕೆ ಪಾತ್ರವಾಯಿತು.

ಏಪ್ರಿಲ್ ಕೊನೆಯಿಂದ ಮೇ ತಿಂಗಳಿಡೀ ಕರು ಹಾಕುವ ಕಾಲ. ತಾಯಿಯದು ಕಡುಕಂದು, ಕರುವಿನದು ಹೊಸ ಹೆಂಚಿನ ಕೆಂಪು. ಹುಟ್ಟಿದ ಕರು ತೊಡರುಗಾಲಿನಲ್ಲಿ ಏಳುತ್ತದೆ, ಮುಗ್ಗರಿಸುತ್ತದೆ, ಮತ್ತೆ ಏಳುತ್ತದೆ. ತಾಯಿ ಅದನ್ನು ನೆಕ್ಕಿ ಒಣಗಿಸುತ್ತಾ ನಿಲ್ಲುತ್ತಾಳೆ. ಅವಳ ಮೈಯ ಚಳಿಗಾಲದ ಉಣ್ಣೆ ಆಗ ಚಕ್ಕೆಚಕ್ಕೆಯಾಗಿ ಉದುರುತ್ತಿರುತ್ತದೆ. ಕೆಲವೇ ಗಂಟೆಗಳಲ್ಲಿ ಕರು ಹಿಂಡಿನೊಡನೆ ಹೆಜ್ಜೆ ಹಾಕುತ್ತದೆ. ಹಾಕಲೇಬೇಕು, ತೋಳವೂ ಗ್ರಿಜ್ಲಿ ಕರಡಿಯೂ ಇರುವ ಬಯಲಿನಲ್ಲಿ ಹಿಂದೆ ಬಿದ್ದ ಕರು ಬದುಕುವುದು ಕಷ್ಟ.

ಗಂಡು ಗ್ರಿಜ್ಲಿಗಳು ಮಾರ್ಚ್‌ನಲ್ಲೇ ಗುಹೆಯಿಂದ ಹೊರಬೀಳುತ್ತವೆ. ಮರಿಯಿರುವ ತಾಯಿ ಕರಡಿಗಳು ಬರುವುದು ಏಪ್ರಿಲ್ ಕಳೆಯುತ್ತಿರುವಾಗ. ಹಿಮದಲ್ಲಿ ಸತ್ತ ಎಲ್ಕ್, ಬೈಸನ್‌ಗಳ ದೇಹಗಳೇ ಅವುಗಳ ಮೊದಲ ಊಟ. ಮೇ ಕೊನೆಗೆ ಎಲ್ಕ್‌ಗಳು ಮರಿ ಹಾಕತೊಡಗಿದಾಗ ಕರಡಿಗಳು ಸೇಜ್ ಪೊದೆಗಳ ನಡುವೆ ಮೂಸುತ್ತಾ ಅಲೆಯುತ್ತವೆ. ಮರಿ ಹುಲ್ಲಿನಲ್ಲಿ ಅಲ್ಲಾಡದೆ ಮಲಗಿರುತ್ತದೆ. ಬದುಕೋ ಸಾವೋ ಎಂಬುದು ಆ ನಿಶ್ಚಲತೆಯ ಮೇಲೆ ನಿಂತಿರುತ್ತದೆ.

ತೋಳ ಮರಳಿ ಬಂದ ಕಣಿವೆ

ಲಮಾರ್‌ಗೆ ಲೋಕಪ್ರಸಿದ್ಧಿ ತಂದದ್ದು ತೋಳ. ರಾಷ್ಟ್ರೀಯ ಉದ್ಯಾನ 1872ರಷ್ಟು ಹಿಂದೆಯೇ ಸ್ಥಾಪನೆಯಾದರೂ ಆಗ ರಕ್ಷಣೆ ಎಲ್ಲ ಪ್ರಾಣಿಗಳಿಗೂ ಇರಲಿಲ್ಲ. ತೋಳ ಕೊಲ್ಲುವುದು ಸರ್ಕಾರದ್ದೇ ಕಾರ್ಯಕ್ರಮವಾಗಿತ್ತು. 1914ರಿಂದ 1926ರವರೆಗೆ ಉದ್ಯಾನದೊಳಗೇ ಕನಿಷ್ಠ 136 ತೋಳಗಳನ್ನು ಕೊಂದರು. ಅಲ್ಲಿಂದ ಮುಂದೆ ಸುಮಾರು ಎಪ್ಪತ್ತು ವರ್ಷ ಕಣಿವೆ ತೋಳವಿಲ್ಲದೆ ಇತ್ತು. ಎಲ್ಕ್‌ಗಳ ಸಂಖ್ಯೆ ಏರಿತು. ಅವು ವಿಲೋ, ಆಸ್ಪೆನ್ ಗಿಡಗಳ ಕುಡಿಯನ್ನು ಮೇಯ್ದು ಮೇಯ್ದು ನದಿದಂಡೆಯ ಎಳೆಮರಗಳು ಮೇಲೇಳದಂತಾದವು.

1995ರ ಜನವರಿಯಲ್ಲಿ ಕೆನಡಾದ ಆಲ್ಬರ್ಟಾದಿಂದ 14 ತೋಳಗಳನ್ನು ತಂದರು. ಅವನ್ನು ಕಣಿವೆಯ ಸುತ್ತಲಿನ ಬೇಲಿಯಾವರಣಗಳಲ್ಲಿ ಹತ್ತು ವಾರ ಇಟ್ಟು ಮಾರ್ಚ್‌ನಲ್ಲಿ ಬಿಟ್ಟರು. 1996ರಲ್ಲಿ ಬ್ರಿಟಿಷ್ ಕೊಲಂಬಿಯಾದಿಂದ ಇನ್ನೂ 17 ಬಂದವು. ಇಂದು ಉದ್ಯಾನದಲ್ಲಿ ಹೆಚ್ಚುಕಡಿಮೆ ನೂರು ತೋಳಗಳಿವೆ. ಎಲ್ಕ್ ಕಡಿಮೆಯಾಗಿದೆ, ಹಲವೆಡೆ ವಿಲೋ ಮತ್ತೆ ಬೆಳೆದಿದೆ. ಇದರಲ್ಲಿ ತೋಳದ ಪಾಲೆಷ್ಟು, ಕರಡಿ, ಬೇಟೆ, ಹವಾಮಾನಗಳ ಪಾಲೆಷ್ಟು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ತೋಳ ಬಂದ ಮೇಲೆ ಕಣಿವೆಯ ಬದುಕು ಬದಲಾಯಿತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ತೋಳ ಮರಿ ಹಾಕುವುದು ಏಪ್ರಿಲ್ ನಡುವೆ. ಮರಿಗಳು ಬಿಲದಲ್ಲಿರುವಾಗ ಗುಂಪು ದೂರ ಅಲೆಯದೆ ಅಲ್ಲೇ ಸುತ್ತುತ್ತದೆ. ವಸಂತದಲ್ಲಿ ತೋಳ ಕಾಣುವ ಸಾಧ್ಯತೆ ಹೆಚ್ಚುವುದು ಹೀಗೆ. ಬೆಳಕು ಹರಿಯುವ ಮುನ್ನವೇ ರಸ್ತೆಬದಿಯ ತಂಗುದಾಣಗಳಲ್ಲಿ ಕಾರುಗಳು ಸೇರುತ್ತವೆ. ದಪ್ಪ ಕೋಟು ತೊಟ್ಟವರು ಮುಕ್ಕಾಲಿಯ ಮೇಲೆ ದೂರದರ್ಶಕ ನಿಲ್ಲಿಸಿ ಎದುರಿನ ಗುಡ್ಡವನ್ನು ಅಂಗುಲ ಅಂಗುಲವಾಗಿ ಹುಡುಕುತ್ತಾರೆ. ಯಾರಿಗೋ ಕಂಡರೆ, ಪಕ್ಕದಲ್ಲಿ ನಿಂತ ಅಪರಿಚಿತರನ್ನು ಕರೆದು ತಮ್ಮ ಸ್ಕೋಪ್‌ನಲ್ಲೇ ನೋಡಲು ಬಿಡುವುದು ಇಲ್ಲಿನ ಸಂಪ್ರದಾಯ. ಬರಿಗಣ್ಣಿಗೆ ಚುಕ್ಕೆಯಾಗಿದ್ದದ್ದು ಕಪ್ಪು ತೋಳವಾಗುತ್ತದೆ. ಇಲ್ಲಿನ ತೋಳಗಳಲ್ಲಿ ಸುಮಾರು ಅರ್ಧದಷ್ಟು ಕಪ್ಪು. ಸತ್ತ ಎಲ್ಕ್‌ನ ಪಕ್ಕ ಅದು ತಲೆಯೆತ್ತಿ ನಿಲ್ಲುತ್ತದೆ. ಸುತ್ತ ರೇವನ್ ಕಾಗೆಗಳು, ತುಸು ಆಚೆ ಸರದಿ ಕಾಯುವ, ತೋಳದ ಚಿಕ್ಕ ಬಂಧು ಕಯೋಟಿ. ಉದ್ಯಾನದ ನಿವೃತ್ತ ರೇಂಜರ್, ಲೇಖಕ ರಿಕ್ ಮೆಕಿಂಟೈರ್ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಒಂದು ದಿನವೂ ತಪ್ಪಿಸದೆ ಹೀಗೆ ತೋಳಗಳನ್ನು ಹುಡುಕಿ ಹೊರಟವರು. ಒಂದೊಂದು ತೋಳದ ಜೀವನಚರಿತ್ರೆಯನ್ನೂ ಬರೆದಿದ್ದಾರೆ.

ಟ್ರೇಲರ್ ಏಕೆ?

ಇಂಥ ನೋಟಕ್ಕೆ ಬೇಕಾದದ್ದು ಸಮಯ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಕಣಿವೆಯಲ್ಲಿ ಇರಬೇಕೆಂದರೆ ವಾಸ ಹತ್ತಿರದಲ್ಲೇ ಇರಬೇಕು. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರೇಲರ್ ಮನೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಾಸಿಗೆ, ಒಲೆ, ಶೌಚಾಲಯ, ಗ್ಯಾಸಿನ ಹೀಟರ್ ಎಲ್ಲ ಒಳಗೇ ಇರುತ್ತವೆ. ಮೇ ತಿಂಗಳಲ್ಲೂ ಹಿಮ ಸುರಿಯುವ, ರಾತ್ರಿ ನೀರು ಹೆಪ್ಪುಗಟ್ಟುವ ಊರಿದು.

ಚಳಿಗಿಂತ ದೊಡ್ಡ ಕಾರಣ ಕರಡಿ. 2010ರ ಜುಲೈನಲ್ಲಿ ಈಶಾನ್ಯ ದ್ವಾರದಾಚೆ, ಕುಕ್ ಸಿಟಿ ಬಳಿಯ ಸೋಡಾ ಬ್ಯೂಟ್ ಶಿಬಿರತಾಣದಲ್ಲಿ ತಾಯಿ ಗ್ರಿಜ್ಲಿಯೊಂದು ರಾತ್ರಿ ಟೆಂಟುಗಳ ಮೇಲೆರಗಿತು. ಒಬ್ಬರು ಸತ್ತು ಇಬ್ಬರು ಗಾಯಗೊಂಡರು. ಈಗ ಅಲ್ಲಿ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಅವಕಾಶ. ಬಟ್ಟೆಯ ಟೆಂಟಾಗಲಿ, ಕ್ಯಾನ್ವಾಸ್ ಪಕ್ಕೆಯ ಮಡಚುವ ಟ್ರೇಲರ್ ಆಗಲಿ ಕೂಡದು. ಉದ್ಯಾನದೊಳಗಿನ ಫಿಷಿಂಗ್ ಬ್ರಿಡ್ಜ್ ತಾಣದಲ್ಲೂ ಇದೇ ನಿಯಮ. ಗೋಡೆ ನಮ್ಮನ್ನಷ್ಟೇ ಕಾಯುವುದಿಲ್ಲ, ಕರಡಿಯನ್ನೂ ಕಾಯುತ್ತದೆ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಶಿಬಿರಕ್ಕೆ ಬರುತ್ತದೆ. ಕೊನೆಗೆ ಅದನ್ನು ಕೊಲ್ಲದೆ ಬೇರೆ ದಾರಿ ಇರುವುದಿಲ್ಲ. ಅಕ್ಕಿ, ಬೆಣ್ಣೆ, ಸೋಪು, ಎಂಜಲು ತಟ್ಟೆ, ಕಸ ಯಾವುದೂ ಹೊರಗೆ ಉಳಿಯಬಾರದು.

ವಸಂತದಲ್ಲಿ ತಂಗಲು ನೆಚ್ಚಬಹುದಾದ ಜಾಗ ಮ್ಯಾಮತ್ ಹಾಟ್ ಸ್ಪ್ರಿಂಗ್ಸ್‌ನ ಶಿಬಿರತಾಣ. ಉದ್ಯಾನದೊಳಗೆ ವರ್ಷವಿಡೀ ತೆರೆದಿರುವುದು ಇದೊಂದೇ. ಟ್ರೇಲರ್‌ಗೆ ವಿದ್ಯುತ್ತು, ನೀರಿನ ಸಂಪರ್ಕ ಸಿಗದು. ಬ್ಯಾಟರಿ, ಗ್ಯಾಸು, ತುಂಬಿಸಿ ತಂದ ನೀರಿನಲ್ಲೇ ಸುಧಾರಿಸಬೇಕು. ಸಂಪರ್ಕಸೌಲಭ್ಯ ಬೇಕೆಂದರೆ ಎಂಟು ಕಿಲೋಮೀಟರ್ ಕೆಳಗಿನ ಗಾರ್ಡಿನರ್ ಊರಿನಲ್ಲಿ ಖಾಸಗಿ ತಾಣಗಳಿವೆ. ಲಮಾರ್‌ಗೆ ಹತ್ತಿರದ ಸ್ಲೂ ಕ್ರೀಕ್ ಶಿಬಿರ ತೆರೆಯುವುದು ಜೂನ್ ನಡುವೆ, ಅಷ್ಟರಲ್ಲಿ ವಸಂತ ಮುಗಿದಿರುತ್ತದೆ. ರಸ್ತೆಬದಿಯಲ್ಲಿ ಟ್ರೇಲರ್ ನಿಲ್ಲಿಸಿ ರಾತ್ರಿ ಮಲಗುವುದಕ್ಕೆ ಅನುಮತಿ ಇಲ್ಲ.

ಮ್ಯಾಮತ್‌ನಿಂದ ಈಶಾನ್ಯ ದ್ವಾರಕ್ಕೆ ಸುಮಾರು 76 ಕಿಲೋಮೀಟರ್. ಯೆಲ್ಲೋಸ್ಟೋನ್‌ನಲ್ಲಿ ಸಾಮಾನ್ಯ ವಾಹನಗಳಿಗೆ ವರ್ಷವಿಡೀ ತೆರೆದಿರುವ ರಸ್ತೆ ಇದೊಂದೇ. 2022ರ ಜೂನ್ ಪ್ರವಾಹ ಇದನ್ನು ಹಲವೆಡೆ ಕೊಚ್ಚಿಹಾಕಿತ್ತು, ಅದೇ ಅಕ್ಟೋಬರ್ ಹೊತ್ತಿಗೆ ಮತ್ತೆ ಸಂಚಾರ ಶುರುವಾಯಿತು. ವಸಂತದ ಆರಂಭದಲ್ಲಿ ಕುಕ್ ಸಿಟಿಯಾಚೆಯ ರಸ್ತೆ ಹಿಮದಡಿ ಇರುವುದರಿಂದ ಹೋದ ದಾರಿಯಲ್ಲೇ ವಾಪಸಾಗಬೇಕು. ಆದ್ದರಿಂದ ಟ್ರೇಲರನ್ನು ಶಿಬಿರದಲ್ಲಿ ಬಿಚ್ಚಿಟ್ಟು ಟ್ರಕ್ಕಿನಲ್ಲಷ್ಟೇ ಕಣಿವೆಗೆ ಹೋಗುವುದು ಜಾಣತನ. ಉದ್ದದ ಟ್ರೇಲರ್‌ಗೆ ಅಲ್ಲಿನ ತಂಗುದಾಣಗಳು ಸಾಲುವುದಿಲ್ಲ. ಬೈಸನ್ ಹಿಂಡು ರಸ್ತೆಗಿಳಿದರೆ ಹಿಂದೆ ತಿರುಗಿಸುವುದೂ ಆಗದು. ಹಾರ್ನ್ ಮಾಡದೆ ಕಾದರೆ ಹಿಂಡು ತಾನಾಗಿ ದಾಟಿಹೋಗುತ್ತದೆ.

ಹತ್ತಿರ ಹೋದರೆ

ನಿಯಮ ಸರಳ: ಕರಡಿ, ತೋಳ ಮತ್ತು ಚಿರತೆಯಂಥ ಕೂಗರ್‌ಗಳಿಂದ 91 ಮೀಟರ್, ಬೇರೆ ಪ್ರಾಣಿಗಳಿಂದ 23 ಮೀಟರ್ ದೂರ ಇರಬೇಕು. ಯೆಲ್ಲೋಸ್ಟೋನ್‌ನಲ್ಲಿ ಅತಿ ಹೆಚ್ಚು ಜನರನ್ನು ಗಾಯಗೊಳಿಸಿರುವುದು ಸಾಧುವಾಗಿ ಮೇಯುವಂತೆ ತೋರುವ ಬೈಸನ್. ಅದು ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಮೇ ಕೊನೆಯಲ್ಲಿ ಮ್ಯಾಮತ್‌ನ ಕಟ್ಟಡಗಳ ನಡುವೆಯೇ ಮರಿ ಹಾಕುವ ತಾಯಿ ಎಲ್ಕ್‌ಗಳೂ ಹತ್ತಿರ ಬಂದವರನ್ನು ಅಟ್ಟಿಸಿಕೊಂಡು ಹೋಗುತ್ತವೆ.

ಈ ಅಂತರ ಪ್ರಾಣಿಗಳಿಗೆ ಇನ್ನೂ ಮುಖ್ಯ. 2016ರ ಮೇ ತಿಂಗಳಲ್ಲಿ ಇದೇ ಕಣಿವೆಯಲ್ಲಿ ಪ್ರವಾಸಿಗರು, ಚಳಿಗೆ ನಡುಗುತ್ತಿದೆ ಪಾಪ ಎಂದುಕೊಂಡು ಬೈಸನ್ ಕರುವೊಂದನ್ನು ಕಾರಿಗೆ ಹಾಕಿಕೊಂಡು ರೇಂಜರ್‌ಗಳ ಬಳಿಗೆ ತಂದರು. ಅದನ್ನು ಹಿಂಡಿಗೆ ಸೇರಿಸುವ ಪ್ರಯತ್ನಗಳು ಫಲಿಸಲಿಲ್ಲ. 2023ರ ಮೇ 20ರಂದು, ತಾಯಿ ಲಮಾರ್ ನದಿ ದಾಟಿದಾಗ ಈಚೆ ದಡದಲ್ಲೇ ಉಳಿದ ಕರುವನ್ನು ಒಬ್ಬರು ಕೈಯಾರೆ ದಂಡೆ ಹತ್ತಿಸಿದರು. ಅದನ್ನೂ ಹಿಂಡು ಮತ್ತೆ ಸೇರಿಸಿಕೊಳ್ಳಲಿಲ್ಲ. ಎರಡೂ ಕರುಗಳು ರಸ್ತೆಗೆ, ಜನರ ಬಳಿಗೆ, ಕಾರುಗಳ ಬಳಿಗೆ ಬರತೊಡಗಿದವು. ಎರಡಕ್ಕೂ ಅಧಿಕಾರಿಗಳು ದಯಾಮರಣ ಕೊಡಬೇಕಾಯಿತು. ಕರುಣೆಯಿಂದ ಮುಟ್ಟಿದ ಕೈಯೇ ಜೀವ ತೆಗೆಯಿತು.

ಹೋಗುವವರಿಗೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರೂ ಮಕ್ಕಳ ಮನೆಗೆ ಹೋಗುವ ತಂದೆತಾಯಂದಿರೂ ಯೆಲ್ಲೋಸ್ಟೋನ್ ಪ್ರವಾಸಕ್ಕೆ ಬೇಸಿಗೆ ರಜೆಯನ್ನೇ ಕಾಯುತ್ತಾರೆ. ಸಾಧ್ಯವಿದ್ದವರು ಮೇ ತಿಂಗಳನ್ನು ಆರಿಸಿಕೊಳ್ಳಲಿ. ಉದ್ಯಾನದ ಹಲವು ರಸ್ತೆ, ಹೋಟೆಲುಗಳು ಆಗಿನ್ನೂ ಮುಚ್ಚಿರುತ್ತವೆ. ಯಾವ ರಸ್ತೆ ತೆರೆದಿದೆ ಎಂದು ಹೊರಡುವ ದಿನವೇ ವಿಚಾರಿಸಿಕೊಳ್ಳಿ. ಗಾರ್ಡಿನರ್‌ನಲ್ಲೇ ಇಂಧನ ತುಂಬಿಸಿ, ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಬೇಡಿ. ರಾತ್ರಿ ಟ್ರೇಲರ್‌ನ ನೀರಿನ ಕೊಳವೆ ಬಿಚ್ಚಿ ಖಾಲಿ ಮಾಡಿ, ಬೆಳಗಿನ ಬಳಕೆಗೆ ಪಾತ್ರೆಯಲ್ಲಿ ನೀರು ತುಂಬಿಟ್ಟುಕೊಳ್ಳಿ. ನಡೆದು ಹೋಗುವಾಗ ಕರಡಿ ಸ್ಪ್ರೇ ಕೈಗೆಟಕುವಂತಿರಲಿ. ಡ್ರೋನ್ ಹಾರಿಸುವುದು ನಿಷಿದ್ಧ.

ಎಲ್ಲಕ್ಕಿಂತ ಮುಖ್ಯವಾಗಿ ಒಳ್ಳೆಯ ದುರ್ಬೀನು ಒಯ್ಯಿರಿ, ಸಾಧ್ಯವಾದರೆ ಸ್ಪಾಟಿಂಗ್ ಸ್ಕೋಪ್ ಬಾಡಿಗೆಗೆ ಪಡೆಯಿರಿ. ಫೋನ್ ಹಿಡಿದು ಹತ್ತಿರ ಹತ್ತಿರ ಹೋಗುವ ಆಸೆಯನ್ನು ಅದು ತಾನಾಗಿ ತಣಿಸುತ್ತದೆ. ವಸಂತ ಈ ಪ್ರಾಣಿಗಳಿಗೆ ಕಷ್ಟದ ಕಾಲ. ಮೈಯಲ್ಲಿ ಕೊಬ್ಬಿಲ್ಲ, ಮಡಿಲಲ್ಲಿ ಮರಿಯಿದೆ. ಓಡಿ ಕಳೆದುಕೊಳ್ಳುವ ಒಂದೊಂದು ಹೆಜ್ಜೆಯೂ ಅವಕ್ಕೆ ದುಬಾರಿ. ಅವು ನಮ್ಮನ್ನು ಗಮನಿಸದಷ್ಟು ದೂರ ನಿಂತು, ನಮಗೆ ಸಾಧ್ಯವಾದಷ್ಟು ಹೊತ್ತು ನೋಡೋಣ. ಲಮಾರ್‌ಗೆ ಹೋಗುವವರು ಇಷ್ಟನ್ನು ಪಾಲಿಸಿದರೆ ಸಾಕು.