‘ನನ್ನ ಮುಂದೆ’ ಅಂದರೆ ‘ಇನ್ ಮೈ ಫ್ರಂಟ್’ ಅಲ್ಲವೇ ತಾತ?

ಕಳೆದ ತಿಂಗಳ ಒಂದು ಸಂಜೆ. ಬಸವೇಶ್ವರನಗರದ ನಮ್ಮ ಮನೆಯ ವರಾಂಡದಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದೆ. ಏಳನೇ ತರಗತಿಯ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲ ಬಿಸಾಡಿ, ಇಂಗ್ಲಿಷ್ ನೋಟ್‌ಬುಕ್ ಬಿಡಿಸಿ ನನ್ನ ತೊಡೆಯ ಮೇಲೆ ಇಟ್ಟಳು. ಮುಖ ಊದಿಕೊಂಡಿತ್ತು. ‘ನಮ್ಮ ಮನೆ’ ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆದಿದ್ದಳು. ಒಂಬತ್ತಕ್ಕೆ ಸರಿ ಗುರುತು, ಒಂದಕ್ಕೆ ಮಾತ್ರ ಕೆಂಪು ಗೆರೆ: ‘ಮೈ ಗ್ರ್ಯಾಂಡ್‌ಫಾದರ್ ಈಸ್ ಸಿಟ್ಟಿಂಗ್ ಇನ್ ಮೈ ಫ್ರಂಟ್.’

“ತಾತ, ‘ನನ್ನ’ ಅಂದ್ರೆ ‘ಮೈ’, ‘ಮುಂದೆ’ ಅಂದ್ರೆ ‘ಫ್ರಂಟ್’. ಎಲ್ಲಿ ತಪ್ಪಾಯ್ತು? ಇಡೀ ಕ್ಲಾಸು ನಕ್ಕುಬಿಡ್ತು!”

ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಆದರೆ ಈ ತಪ್ಪಿನ ಅಣ್ಣನಂಥ ಒಂದು ತಪ್ಪನ್ನು ನಾನೂ ಮಾಡಿದ್ದೆ. ಅದಕ್ಕೆ ಬೆಲೆ ತೆತ್ತವರು ಮಾತ್ರ ಬೇರೊಬ್ಬರು. ಆ ಕಥೆ ಆಮೇಲೆ. ಮೊದಲು ಮೊಮ್ಮಗಳಿಗೆ ಹೇಳಿದ ಪಾಠ ಕೇಳಿ.

ಎಲ್ಲರ ಜೊತೆ ಸೇರುವ ‘ನನ್ನ’

ಕನ್ನಡದಲ್ಲಿ ಹೇಳಿ ನೋಡಿ ಮಕ್ಕಳೇ: ನನ್ನ ಮೇಲೆ, ನನ್ನ ಕೆಳಗೆ, ನನ್ನ ಮುಂದೆ, ನನ್ನ ಹಿಂದೆ, ನನ್ನ ಪಕ್ಕ, ನನ್ನ ಹತ್ತಿರ, ನನ್ನ ಜೊತೆ, ನನ್ನ ಬಗ್ಗೆ. ‘ನನಗೋಸ್ಕರ’, ‘ನನಗಿಂತ’ ಎಂಬಂಥ ಕೆಲವನ್ನು ಬಿಟ್ಟರೆ ಹೆಚ್ಚಿನ ಕಡೆ ‘ನನ್ನ’ ಸಲೀಸಾಗಿ ಹೊಂದಿಕೊಳ್ಳುತ್ತದೆ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದೀರಲ್ಲ, ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ? ಅದರಲ್ಲಿ ‘ಅ’ ಎಂಬುದು ಷಷ್ಠೀ ವಿಭಕ್ತಿ. ‘ನನ್ನ’ ಅದಕ್ಕೆ ಸೇರಿದ್ದು.

ಇದು ಇಷ್ಟು ಸಲೀಸಾಗಿ ಹೊಂದಿಕೊಳ್ಳುವುದೇಕೆ? ಮುಂದೆ, ಹಿಂದೆ, ಮೇಲೆ ಎಂಬವು ಮೂಲದಲ್ಲಿ ಮುಂದು, ಹಿಂದು, ಮೇಲು ಎಂಬ ನಾಮಪದಗಳು. ‘ಹಿಂದು ಮುಂದು ನೋಡದೆ ಮಾಡಿಬಿಟ್ಟ’ ಎನ್ನುತ್ತೇವಲ್ಲ, ಅವೇ. ನಾಮಪದ ಎಂದಮೇಲೆ ಅದು ಯಾರದ್ದು ಎಂದು ಹೇಳಬಹುದು. ನನ್ನ ಮನೆ ಇದ್ದ ಹಾಗೆ ನನ್ನ ಮುಂದು. ಆದ್ದರಿಂದ ಪುಟ್ಟಿಯ ವಾಕ್ಯ ಕನ್ನಡದ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಅವಳು ದಡ್ಡಿಯಲ್ಲ, ಕನ್ನಡದ ಹುಡುಗಿ ಅಷ್ಟೆ.

ಇಂಗ್ಲಿಷಿನ ‘ಮೈ’ಗೆ ಬಟ್ಟೆ ಬೇಕು

ಇಂಗ್ಲಿಷಿನಲ್ಲಿ ಎರಡು ಬಾಗಿಲು ಇವೆ. ಮೊದಲನೆಯ ಬಾಗಿಲಲ್ಲಿ ಪುಟ್ಟ ಪದ ಮೊದಲು ಬರುತ್ತದೆ, ಅದರ ಹಿಂದೆ ‘ಮಿ’: ಆನ್ ಮಿ, ವಿತ್ ಮಿ, ನಿಯರ್ ಮಿ, ಬಿಹೈಂಡ್ ಮಿ, ಅಬೌಟ್ ಮಿ. ಈ ಪುಟ್ಟ ಪದಗಳಿಗೆ ಪ್ರಿಪೊಸಿಷನ್ ಎಂದು ಹೆಸರು. ಮುಂದೆ ಇಡುವ ಪದ ಎಂದೇ ಅದರ ಅರ್ಥ. ನಮ್ಮಲ್ಲಿ ಇವು ಹಿಂದೆ ಬರುತ್ತವೆ, ಅವರಲ್ಲಿ ಮುಂದೆ.

ಎರಡನೆಯ ಬಾಗಿಲಲ್ಲಿ ಪುಟ್ಟ ಪದ, ಆಮೇಲೆ ‘ಮೈ’, ಆಮೇಲೆ ಒಂದು ನಾಮಪದ: ಇನ್ ಮೈ ಒಪಿನಿಯನ್, ಆನ್ ಮೈ ವೇ, ಬೈ ಮೈ ಸೈಡ್, ಇನ್ ಮೈ ಆಬ್ಸೆನ್ಸ್.

ನೆನಪಿಡಲು ಮೊಮ್ಮಗಳಿಗೊಂದು ಉಪಾಯ ಹೇಳಿದೆ. ಕನ್ನಡದಲ್ಲಿ ಮೈ ಅಂದರೆ ಶರೀರ. ಇಂಗ್ಲಿಷಿನ ‘ಮೈ’ ಕೂಡ ಬರಿಮೈಯಲ್ಲಿ ಹೊರಗೆ ಬರುವುದಿಲ್ಲ, ಅದಕ್ಕೆ ನಾಮಪದದ ಬಟ್ಟೆ ಬೇಕೇ ಬೇಕು! ‘ವಿತ್ ಮೈ’ ಎಂದು ನಿಲ್ಲಿಸಿದರೆ ಕೇಳಿದವರು “ನಿನ್ನ ಏನು?” ಎಂದು ಕಾಯುತ್ತಾರೆ. ‘ವಿತ್ ಮೈ ತಾತ’ ಎಂದರೆ ಸಮಾಧಾನ. ಒಂಟಿಯಾಗಿ ನಿಲ್ಲಬೇಕಾದ ಕಡೆ ‘ಮೈನ್’ ಬರುತ್ತದೆ. ಅದಕ್ಕೇ ‘ಎ ಫ್ರೆಂಡ್ ಆಫ್ ಮೈನ್’.

“ಫ್ರಂಟ್ ಕೂಡ ನಾಮಪದ ತಾನೇ ತಾತ? ಬಟ್ಟೆ ಹಾಕಿದೀನಲ್ಲ!” ಎಂದಳು. ಈಗಿನ ಮಕ್ಕಳು ಸುಮ್ಮನೆ ಒಪ್ಪುವುದಿಲ್ಲ.

ನಿಜ, ಅದು ನಾಮಪದವೇ. ಆದರೆ ‘ಇನ್ ಫ್ರಂಟ್ ಆಫ್’ ಎಂಬ ಮೂರು ಪದಗಳು ಎಷ್ಟೋ ಕಾಲದಿಂದ ಒಟ್ಟಿಗೇ ಓಡಾಡಿ ಒಂದೇ ಪದದ ಹಾಗೆ ಅಂಟಿಕೊಂಡಿವೆ. ನಡುವೆ ‘ಮೈ’ ತೂರಲು ಜಾಗವಿಲ್ಲ. ಹಾಗಾಗಿ ಇನ್ ಫ್ರಂಟ್ ಆಫ್ ಮಿ. ಬಿಕಾಸ್ ಆಫ್ ಮಿ, ಇನ್‌ಸ್ಟೆಡ್ ಆಫ್ ಮಿ, ಆನ್ ಟಾಪ್ ಆಫ್ ಮಿ ಎಂಬವೂ ಇದೇ ಜಾತಿ.

ಈ ಅಂಟಿಕೊಳ್ಳುವಿಕೆಗೆ ಚಂದದ ಸಾಕ್ಷಿ ‘ಬಿಸೈಡ್’ ಎಂಬ ಪದ. ಹಳೆಯ ಕಾಲದಲ್ಲಿ ಅದು ‘ಬೈ’ ಮತ್ತು ‘ಸೈಡ್’ ಎಂಬ ಎರಡು ಪದ. ಬೇರೆಬೇರೆ ಇರುವಾಗ ನಡುವೆ ‘ಮೈ’ ಬರುತ್ತದೆ: ಬೈ ಮೈ ಸೈಡ್. ಒಂದಾದಮೇಲೆ ಹಿಂದೆ ‘ಮಿ’ ಬರುತ್ತದೆ: ಬಿಸೈಡ್ ಮಿ. ಎರಡಕ್ಕೂ ‘ನನ್ನ ಪಕ್ಕ’ ಎಂದೇ ಅರ್ಥ. ಸೈಡ್ ಎಂಬುದು ಅವರ ‘ಪಕ್ಕ’. ನಮ್ಮ ಹಾಗೆಯೇ ಅವರೂ ನಾಮಪದದಿಂದಲೇ ಹೊರಟವರು, ದಾರಿಯಲ್ಲಿ ಕೆಲವನ್ನು ಅಂಟಿಸಿಕೊಂಡರು.

ಮೆಟ್ರೋದಲ್ಲಿ ಒಂದು ಆಟ

ಆ ಭಾನುವಾರ ಕೆಂಗೇರಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಬೇಕಿತ್ತು. ನೇರಳೆ ಮಾರ್ಗ 2021ರ ಆಗಸ್ಟಿನಲ್ಲಿ ಕೆಂಗೇರಿ ಮುಟ್ಟಿದ ಮೇಲೆ ವಿಜಯನಗರ ನಿಲ್ದಾಣದಲ್ಲಿ ಹತ್ತಿ ಆರಾಮವಾಗಿ ಹೋಗಿ ಇಳಿಯುತ್ತೇವೆ. ಅಲ್ಲಿಯವರೆಗೆ ಒಂದು ಆಟ ಆಡೋಣ ಎಂದೆ. ಅಂಗಡಿ ಬೋರ್ಡು, ಜಾಹೀರಾತು, ಗೋಡೆ ಬರಹಗಳಲ್ಲಿ ಎರಡನೆಯ ಬಾಗಿಲಿನ ಮಾತು ಯಾರಿಗೆ ಹೆಚ್ಚು ಸಿಗುತ್ತದೋ ಅವರಿಗೆ ಅತ್ತೆಯ ಮನೆಯಲ್ಲಿ ಒಂದು ಕೋಡುಬಳೆ ಜಾಸ್ತಿ.

ನಿಲ್ದಾಣಕ್ಕೆ ನಡೆಯುವಾಗಲೇ ಶುರುವಾಯಿತು. ಒಂದು ಗೇಟಿನ ಮೇಲೆ ‘ಪಾರ್ಕ್ ಅಟ್ ಯುವರ್ ಓನ್ ರಿಸ್ಕ್’. ಇಸ್ತ್ರಿ ಅಂಗಡಿಯ ಚೀಟಿಯಲ್ಲಿ ‘ಅಟ್ ಯುವರ್ ಡೋರ್‌ಸ್ಟೆಪ್’. ಒಂದು ಆಟೋದ ಹಿಂದೆ ‘ಅಟ್ ಯುವರ್ ಸರ್ವಿಸ್’. ಮೂರೂ ಪುಟ್ಟಿಯ ಕಣ್ಣಿಗೇ ಬಿದ್ದವು.

ಗೇಟಿನ ಬೋರ್ಡು ಏನು ಹೇಳುತ್ತದೆ ಎಂದು ಕೇಳಿದೆ. “ನಿಮ್ಮ ಸ್ವಂತ ಅಪಾಯದಲ್ಲಿ ನಿಲ್ಲಿಸಿ” ಎಂದಳು. ಪದಕ್ಕೆ ಪದ ಸರಿ, ಮಾತು ಮಾತ್ರ ಕನ್ನಡವಾಗಲಿಲ್ಲ. ನಮ್ಮವರು ಬಸ್ಸಿನಲ್ಲಿ ಬರೆಯುತ್ತಿದ್ದುದು ‘ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರರು’ ಎಂದು. ಗೇಟಿನ ಮಾತೂ ಅಷ್ಟೆ: ಗಾಡಿಗೆ ಏನಾದರೂ ಆದರೆ ನೀವೇ ಜವಾಬ್ದಾರರು. ಇಂಥ ಮಾತುಗಳನ್ನು ಬಿಡಿಬಿಡಿಯಾಗಿ ತೂಗಬಾರದು, ಗಂಟಾಗಿ ತೂಗಬೇಕು.

ರೈಲಿನೊಳಗೆ ಮೊದಲನೆಯ ಬಾಗಿಲಿನ ಆಟ. ಯಾರು ಎಲ್ಲಿದ್ದಾರೆ ಹೇಳು ಎಂದೆ. ನಾಯಂಡಹಳ್ಳಿ ಬರುವಷ್ಟರಲ್ಲಿ ‘ಬಿಸೈಡ್ ಮಿ’, ‘ಬಿಹೈಂಡ್ ಹರ್’, ‘ನಿಯರ್ ದೆಮ್’, ‘ಇನ್ ಫ್ರಂಟ್ ಆಫ್ ಅಸ್’ ಎಲ್ಲವೂ ಸರಾಗವಾಗಿ ಬರುತ್ತಿದ್ದವು. ಎದುರಿಗೆ ಕುಳಿತಿದ್ದ ಹಿರಿಯರೊಬ್ಬರೂ ನಗುತ್ತ ತಲೆಯಾಡಿಸುತ್ತಿದ್ದರು.

ಬ್ಯಾಂಕಿನ ಕೌಂಟರಿನಲ್ಲಿ

ಪುಟ್ಟ ಪದ ಒಂದು ಬದಲಾದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ಕೌಂಟರಿನ ಹಿಂದೆ. ‘ಇನ್ ಮೈ ಅಕೌಂಟ್’ ಎಂದರೆ ನನ್ನ ಖಾತೆಯಲ್ಲಿ. ‘ಆನ್ ಮೈ ಅಕೌಂಟ್’ ಎಂದರೆ ಸಾಮಾನ್ಯವಾಗಿ ನನ್ನ ಸಲುವಾಗಿ, ನನ್ನ ದೆಸೆಯಿಂದ. ‘ಡೋಂಟ್ ವರಿ ಆನ್ ಮೈ ಅಕೌಂಟ್’ ಎಂದು ಯಾರಾದರೂ ಹೇಳಿದರೆ ಪಾಸ್‌ಬುಕ್ ಹುಡುಕಬೇಡಿ!

‘ಇನ್ ಮೈ ಫೇವರ್’ ಎಂದು ಡಿ.ಡಿ. ಬರೆಸಿದರೆ ಅದು ನನ್ನ ಹೆಸರಿಗೆ. ಅದೇ ಮಾತು ಕೋರ್ಟಿನ ತೀರ್ಪಿನಲ್ಲಿ ಬಂದರೆ ನನ್ನ ಪರವಾಗಿ. ‘ಆನ್ ಮೈ ಬಿಹಾಫ್’ ಎಂದರೆ ನನ್ನ ಬದಲಿಗೆ ನನ್ನ ಪ್ರತಿನಿಧಿಯಾಗಿ. ಇದು ಬರಿಯ ವ್ಯಾಕರಣವಲ್ಲ. ಚೆಕ್ಕುಗಳಿಗೆ ಇಂದಿಗೂ ಅನ್ವಯಿಸುವ 1881ರ ಕಾಯ್ದೆಯ ಪ್ರಕಾರ, ಇನ್ನೊಬ್ಬರ ಪ್ರತಿನಿಧಿಯಾಗಿ ಸಹಿ ಮಾಡುವವನು ಅದನ್ನು ಚೆಕ್ಕಿನ ಮೇಲೆ ಸೂಚಿಸದೆ ಬರಿಯ ಸಹಿ ಹಾಕಿದರೆ, ಸಾಮಾನ್ಯವಾಗಿ ಹೊಣೆ ಅವನ ಕುತ್ತಿಗೆಗೇ ಬರುತ್ತದೆ.

ಒಂದು ಕಡೆ ಮಾತ್ರ ನಮ್ಮ ಕನ್ನಡವೇ ಮೇಲು. ‘ರಾಮು ಸೋಮುವನ್ನು ಹಿಸ್ ಹೌಸ್‌ನಲ್ಲಿ ಕಂಡ’ ಎಂದರೆ ಯಾರ ಮನೆ? ಇಂಗ್ಲಿಷಿನ ‘ಹಿಸ್’ ಬಾಯಿ ಬಿಡುವುದಿಲ್ಲ. ಕನ್ನಡದಲ್ಲಿ ‘ತನ್ನ ಮನೆಯಲ್ಲಿ’ ಎಂದರೆ ರಾಮುವಿನದು, ‘ಅವನ ಮನೆಯಲ್ಲಿ’ ಎಂದರೆ ಸೋಮುವಿನದು. ‘ತನ್ನ’ ಎಂಬ ಪದ ನಮ್ಮಲ್ಲಿರುವುದು ಎಂಥ ಭಾಗ್ಯ!

ನಾನು ಬರೆದ ಒಂದು ಸಾಲು

ಈಗ ನನ್ನ ಕಥೆ. ಎಪ್ಪತ್ತರ ದಶಕ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಸಂಜೆ ನನ್ನ ನಗದು ಟ್ಯಾಲಿ ಆಗಲಿಲ್ಲ. ಐನೂರು ರೂಪಾಯಿ ಕಡಿಮೆ. ಆ ಕಾಲಕ್ಕೆ ಅದು ನನಗೆ ದೊಡ್ಡ ಮೊತ್ತ. ನಡೆದದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಡು ಎಂದರು.

ಕ್ಯಾಬಿನ್ನಿನಲ್ಲಿ ನನ್ನ ಹಿಂದೆ ಕುಳಿತು ದಫ್ತರಿಯೊಬ್ಬರು ನೋಟಿನ ಕಟ್ಟುಗಳಿಗೆ ದಾರ ಕಟ್ಟುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನನಗೆ ಕೆಲಸ ಕಲಿಸಿದ್ದೇ ಅವರು. ಯಾರು ಎಲ್ಲಿದ್ದರು ಎಂದು ಬರೆಯುವಾಗ, ‘ನನ್ನ ಬೆನ್ನ ಹಿಂದೆ ಕಟ್ಟು ಕಟ್ಟುತ್ತಿದ್ದರು’ ಎಂದು ಮನಸ್ಸಿನಲ್ಲಿ ಅಂದುಕೊಂಡು, ‘ಬಿಹೈಂಡ್ ಮೈ ಬ್ಯಾಕ್’ ಎಂದು ಬರೆದೆ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ‘ಮೈ’ಗೆ ಬಟ್ಟೆಯೂ ಇತ್ತು. ಆದರೆ ಆ ಗಂಟಿಗೆ ಇಂಗ್ಲಿಷಿನಲ್ಲಿ ಬೇರೆಯದೇ ತೂಕ: ನನಗೆ ಗೊತ್ತಾಗದ ಹಾಗೆ, ಕದ್ದುಮುಚ್ಚಿ.

ಮರುದಿನ ಅವರನ್ನು ಒಳಗೆ ಕರೆಸಿದರು. ಗುಮಾಸ್ತನಿಗೆ ತಿಳಿಯದಂತೆ ಕಟ್ಟುಗಳನ್ನು ಮುಟ್ಟಿದ್ದೇಕೆ ಎಂದು ಕೇಳಿದರಂತೆ. ಅವರು ಹೊರಗೆ ಬಂದು ನನ್ನ ಮುಂದೆ ನಿಂತಾಗ ಕೈ ನಡುಗುತ್ತಿತ್ತು. ನನಗೆ ವಿಷಯ ಅರ್ಥವಾಗಿ, ಓಡಿಹೋಗಿ, ನಾನು ಹೇಳಿದ್ದು ‘ಬಿಹೈಂಡ್ ಮಿ’ ಎಂದಷ್ಟೇ ಎಂದು ಬೇರೆ ಕಾಗದ ಬರೆದುಕೊಟ್ಟೆ. ನಾಲ್ಕನೆಯ ದಿನ ಲೆಕ್ಕವೂ ಸಿಕ್ಕಿತು. ಪಾವತಿ ಮಾಡಿದ ಒಂದು ವೋಚರು ಇನ್ನೊಂದಕ್ಕೆ ಅಂಟಿಕೊಂಡು ಪುಸ್ತಕಕ್ಕೆ ಏರಿರಲಿಲ್ಲ. ತಪ್ಪು ನನ್ನದೇ.

ನಾನು ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. “ನನಗೆ ಇಂಗ್ಲಿಷ್ ಬರಲ್ಲ ಸಾರ್, ನಿಮಗೆ ಬರುತ್ತೆ ಅಂತ ನಂಬಿದ್ದೆ” ಎಂದರು. ಅಷ್ಟೇ. ಆಮೇಲೂ ಕೆಲಸದ ಮಾತು ಆಡುತ್ತಿದ್ದರು. ಆದರೆ ಮಧ್ಯಾಹ್ನ ನನ್ನ ಜೊತೆ ಡಬ್ಬಿ ಬಿಚ್ಚುವುದನ್ನು ನಿಲ್ಲಿಸಿದರು. ಐನೂರು ರೂಪಾಯಿ ಟ್ಯಾಲಿ ಆಯಿತು. ಇದು ಇವತ್ತಿಗೂ ಆಗಿಲ್ಲ.

ಕಥೆ ಮುಗಿದಾಗ ರೈಲು ಪಟ್ಟಣಗೆರೆ ದಾಟಿತ್ತು. ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ನನ್ನ ತಪ್ಪು ಚಿಕ್ಕದೇ ತಾತ, ಯಾರಿಗೂ ನೋವಾಗಲಿಲ್ಲ” ಎಂದಳು. ಹೌದು ಪುಟ್ಟಿ. ‘ಇನ್ ಮೈ ಫ್ರಂಟ್’ ಎಂದರೆ ಜನ ನಕ್ಕು ಸುಮ್ಮನಾಗುತ್ತಾರೆ. ನಗಿಸುವ ತಪ್ಪಿಗೆ ಹೆದರಬೇಕಾಗಿಲ್ಲ. ಸರಿಯಾಗಿ ಕಾಣುತ್ತಲೇ ಬೇರೆ ಅರ್ಥ ಕೊಡುವ ಮಾತಿನ ಮುಂದೆ ಮಾತ್ರ ಒಂದು ಗಳಿಗೆ ನಿಂತು ಯೋಚಿಸಬೇಕು.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳ ಜೊತೆ ಈ ನಾಲ್ಕನ್ನು ಆಡಿ ನೋಡಿ. ಇಂಗ್ಲಿಷಿನಲ್ಲಿ ಹೇಳಿಸಿ:

1. ಅವಳು ನನ್ನ ಹಿಂದೆ ನಿಂತಿದ್ದಾಳೆ.
2. ನನ್ನ ಅಭಿಪ್ರಾಯದಲ್ಲಿ ಇದು ಸರಿ.
3. ಅವನು ನನ್ನ ಸ್ನೇಹಿತರಲ್ಲೊಬ್ಬ.
4. ಅವರ ಪರವಾಗಿ ನಾನು ಸಹಿ ಮಾಡಿದೆ.

ಉತ್ತರಗಳ ಬಾಲ ಇಲ್ಲಿದೆ: ಬಿಹೈಂಡ್ ಮಿ, ಇನ್ ಮೈ ಒಪಿನಿಯನ್, ಎ ಫ್ರೆಂಡ್ ಆಫ್ ಮೈನ್, ಆನ್ ದೇರ್ ಬಿಹಾಫ್. ನಾಲ್ಕೂ ಸರಿಯಾದರೆ ಒಂದು ಕೋಡುಬಳೆ ಕೊಡಿ. ತಪ್ಪಾದರೂ ಕೊಡಿ, ಆದರೆ ನಗಬೇಡಿ.